ಶಿಬಿರ ಮುಗಿದ ಮೇಲೆ ಕಣ್ಣನ್ನು ಕಾಯುವವರು ಯಾರು?

ಚಳಿಗಾಲ ಬಂತೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಬಸ್ ನಿಲ್ದಾಣಗಳಲ್ಲಿ, ಹಾಲಿನ ಡೇರಿಗಳ ಗೋಡೆಗಳ ಮೇಲೆ ಉಚಿತ ನೇತ್ರ ತಪಾಸಣೆ ಮತ್ತು ಆರೋಗ್ಯ ಶಿಬಿರಗಳ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಕೆಲವನ್ನು ಏರ್ಪಡಿಸುವವರು ಈ ಮಣ್ಣಿನಲ್ಲಿಯೇ ಹುಟ್ಟಿ ಬೆಳೆದು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ನೆಲೆಸಿರುವ ವೈದ್ಯರು. ಅವರೊಡನೆ ಆ ದೇಶಗಳ ಸಹೋದ್ಯೋಗಿಗಳೂ ವಿದ್ಯಾರ್ಥಿಗಳೂ ಬರುವುದುಂಟು. ಅದೇ ರೀತಿ ನಮ್ಮ ಭಾಗದ ವೈದ್ಯಕೀಯ ವಿದ್ಯಾರ್ಥಿಗಳಲ್ಲಿಯೂ ಕೆಲವರು ಆಫ್ರಿಕದ ದೇಶಗಳಿಗೆ ಎರಡು ಮೂರು ವಾರಗಳ ಸೇವಾಪ್ರವಾಸ ಹೋಗಿಬರಲು ಉತ್ಸುಕರಾಗಿದ್ದಾರೆ. ಹುಟ್ಟಿದ ಊರಿನ ಋಣವನ್ನು ತೀರಿಸಬೇಕು, ಕಲಿತ ವಿದ್ಯೆಯನ್ನು ಬಡವರಿಗೆ ಮುಡಿಪಾಗಿಡಬೇಕು ಎಂಬ ಈ ಹಂಬಲವು ಗೌರವಕ್ಕೆ ಅರ್ಹವಾದುದು. ಅದನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ.

ಆದರೆ ಸದ್ಭಾವನೆಯೊಂದೇ ಕಣ್ಣಿಗೆ ಬೆಳಕು ಕೊಡಲಾರದು. ವೈದ್ಯರು ಎರಡು ದಿನ ಇದ್ದು ಮೂರನೆಯ ದಿನ ವಿಮಾನವೇರುತ್ತಾರೆ. ಶಸ್ತ್ರಚಿಕಿತ್ಸೆಗೆ ಒಳಗಾದ ವೃದ್ಧೆಯು ಅದೇ ಊರಿನಲ್ಲಿ, ಅದೇ ಮನೆಯಲ್ಲಿ, ಅದೇ ಕಣ್ಣಿನೊಡನೆ ಉಳಿಯುತ್ತಾಳೆ. ಐದನೆಯ ದಿನ ಆ ಕಣ್ಣು ಕೆಂಪಾಗಿ ನೋಯತೊಡಗಿದರೆ ಆಕೆ ಯಾರ ಬಾಗಿಲನ್ನು ತಟ್ಟಬೇಕು? ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವಿಲ್ಲದ ಯಾವ ಶಿಬಿರಕ್ಕೂ ನಮ್ಮ ಗ್ರಾಮಗಳು, ಸಂಘಸಂಸ್ಥೆಗಳು, ಮಠಗಳು ಅಂಗಳವನ್ನು ಬಿಟ್ಟುಕೊಡಬಾರದು ಎಂಬುದು ನಮ್ಮ ಖಚಿತವಾದ ಅಭಿಪ್ರಾಯ. ಅಂತಹ ಉತ್ತರವಿರುವ ಶಿಬಿರಕ್ಕೆ ಮಾತ್ರ ತನುಮನಧನಗಳಿಂದ ನೆರವಾಗಬೇಕು ಎಂಬುದೂ ಅಷ್ಟೇ ಖಚಿತವಾದ ಅಭಿಪ್ರಾಯ.

ಮೋದಿಯವರ ಪರಂಪರೆ

ನೇತ್ರ ಶಿಬಿರ ಎಂಬ ಮಾತು ಕನ್ನಡಿಗರ ಕಿವಿಗೆ ಬಿದ್ದೊಡನೆ ನೆನಪಾಗುವುದು ಡಾ. ಎಂ.ಸಿ. ಮೋದಿಯವರ ಹೆಸರು. 1916ರಲ್ಲಿ ಬೀಳಗಿಯಲ್ಲಿ ಜನಿಸಿದ ಮುರುಗೆಪ್ಪ ಚನ್ನವೀರಪ್ಪ ಮೋದಿಯವರು ರೋಗಿಯು ಆಸ್ಪತ್ರೆಗೆ ಬರಲಿ ಎಂದು ಕಾಯದೆ ಆಸ್ಪತ್ರೆಯನ್ನೇ ರೋಗಿಯ ಊರಿಗೆ ಕೊಂಡೊಯ್ದರು. ಒಂದೇ ದಿನದಲ್ಲಿ 833 ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಳನ್ನು ಮಾಡಿದ ಅವರ ಸಾಧನೆಯು ಗಿನ್ನೆಸ್ ದಾಖಲೆಯ ಪುಸ್ತಕವನ್ನು ಸೇರಿತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರನ್ನು ಅರಸಿ ಬಂದವು. 2005ರಲ್ಲಿ ಅವರು ಕಾಲವಾದಾಗ ‘ಕಣ್ಣು ಕೊಟ್ಟ ಅಣ್ಣ’ನನ್ನು ಕಳೆದುಕೊಂಡೆವೆಂದು ನಾಡು ಮರುಗಿತು.

ಇಂದು ಶಾಲಾ ಕಟ್ಟಡದಲ್ಲಿಯೋ ಕಲ್ಯಾಣ ಮಂಟಪದಲ್ಲಿಯೋ ಶಸ್ತ್ರಚಿಕಿತ್ಸೆ ನಡೆಸಲು ಬಯಸುವವರು ಮೋದಿಯವರ ಹೆಸರನ್ನು ಮುಂದಿಡುವುದನ್ನು ನಾವು ಕೇಳಿದ್ದೇವೆ. ಅವರ ಕಾಲವೇ ಬೇರೆ, ನಮ್ಮ ಕಾಲವೇ ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಅವರು ಕೆಲಸ ಆರಂಭಿಸಿದಾಗ ನೂರಾರು ಹಳ್ಳಿಗಳಿಗೆ ಒಬ್ಬ ನೇತ್ರ ವೈದ್ಯನೂ ಇರಲಿಲ್ಲ. ಅಂದಿನ ಶಸ್ತ್ರಚಿಕಿತ್ಸೆಯಲ್ಲಿ ಮಂಜಾದ ಮಸೂರವನ್ನು ಪೂರ್ಣವಾಗಿ ಹೊರತೆಗೆದು, ಕಣ್ಣಿನೊಳಗೆ ಏನನ್ನೂ ಇಡದೆ, ಹೊರಗೆ ದಪ್ಪ ಗಾಜಿನ ಕನ್ನಡಕವನ್ನು ಕೊಡಲಾಗುತ್ತಿತ್ತು. ಆ ಕನ್ನಡಕ ಒಡೆದರೆ ಮನುಷ್ಯ ಮತ್ತೆ ಕುರುಡನೇ. ಅದಕ್ಕಿಂತ ಉತ್ತಮವಾದುದು ಬಡವರ ಕೈಗೆ ಎಟುಕದಿದ್ದ ದಿನಗಳಲ್ಲಿ ಅದು ಸಂಜೀವಿನಿಯೇ ಆಗಿತ್ತು.

1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಮೊದಲ ಬಾರಿಗೆ ಕಣ್ಣಿನೊಳಗೆ ಕೃತಕ ಮಸೂರವನ್ನು ಕೂರಿಸಿದರು. ಆ ಮಸೂರವು ಸಾಮಾನ್ಯರಿಗೆ ದೊರೆಯಲು ದಶಕಗಳೇ ಬೇಕಾದವು. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ಮಧುರೆಯಲ್ಲಿ 11 ಹಾಸಿಗೆಗಳೊಡನೆ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆಯು 1992ರಲ್ಲಿ ಮಸೂರ ತಯಾರಿಕೆಯ ಘಟಕವನ್ನೂ ಸ್ಥಾಪಿಸಿತು. ಆ ಬಳಿಕ ದುಬಾರಿ ಆಮದಿನ ವಸ್ತುವಾಗಿದ್ದ ಮಸೂರವು ಬಡವರ ಕೈಗೆಟುಕುವ ಬೆಲೆಗೆ ಇಳಿಯಿತು. ಇಂದು ಉಚಿತ ಶಸ್ತ್ರಚಿಕಿತ್ಸೆಯಲ್ಲಿಯೂ ಮಸೂರವನ್ನು ಅಳವಡಿಸಲಾಗುತ್ತದೆ. ಆದರೆ ಹೀಗೆ ಕಣ್ಣಿನೊಳಗೆ ಒಂದು ವಸ್ತುವನ್ನಿಡುವಾಗ ಬೇಕಾಗುವ ಶುಚಿತ್ವವು ಹಿಂದಿನದಕ್ಕಿಂತ ಎಷ್ಟೋ ಕಠಿಣವಾದುದು. ಕಣ್ಣಿನ ಉದ್ದವನ್ನು ಅಳೆದು ಮಸೂರದ ಶಕ್ತಿಯನ್ನು ಲೆಕ್ಕಹಾಕುವ ಉಪಕರಣ, ಸೂಕ್ಷ್ಮದರ್ಶಕ, ಸೋಂಕುರಹಿತ ಶಸ್ತ್ರಚಿಕಿತ್ಸಾ ಕೊಠಡಿ ಇವೆಲ್ಲವೂ ಅನಿವಾರ್ಯ. 2014ರಲ್ಲಿ ಪಂಜಾಬಿನ ಗುರುದಾಸ್‌ಪುರ ಜಿಲ್ಲೆಯ ಶಿಬಿರವೊಂದರಲ್ಲಿ ಚಿಕಿತ್ಸೆ ಪಡೆದ ಹಲವರು ಸೋಂಕಿನಿಂದ ದೃಷ್ಟಿಯನ್ನೇ ಕಳೆದುಕೊಂಡ ದುರಂತವನ್ನು ದೇಶವು ಕಂಡಿದೆ. ಆದುದರಿಂದಲೇ ಹಳ್ಳಿಯಲ್ಲಿ ತಪಾಸಣೆ ಮಾತ್ರ ನಡೆಯಬೇಕು, ಶಸ್ತ್ರಚಿಕಿತ್ಸೆಯು ಸುಸಜ್ಜಿತವಾದ ಮೂಲ ಆಸ್ಪತ್ರೆಯಲ್ಲಿಯೇ ನಡೆಯಬೇಕು ಎಂಬುದು ಇಂದು ಸರ್ವಮಾನ್ಯವಾದ ಪದ್ಧತಿಯಾಗಿದೆ.

ಬಡವನ ಮನೆಬಾಗಿಲಿಗೆ ತಾನಾಗಿ ಹೋಗುವ ಮನೋಧರ್ಮವನ್ನು ನಾವು ಮೋದಿಯವರಿಂದ ಕಲಿಯಬೇಕಾಗಿದೆ. ಅವರ ಕಾಲದ ಅನಿವಾರ್ಯತೆಗಳನ್ನು ಇಂದು ಅನುಕರಿಸುವುದರಿಂದ ಅವರಿಗೆ ಗೌರವ ಸಲ್ಲಿಸಿದಂತಾಗುವುದಿಲ್ಲ.

ಕೊರತೆ ಇರುವುದು ಎಲ್ಲಿ?

ನಮ್ಮ ನಾಲ್ಕು ತಾಲ್ಲೂಕುಗಳ ವಸ್ತುಸ್ಥಿತಿಯನ್ನು ನೋಡೋಣ. ಶ್ರೀರಂಗಪಟ್ಟಣದಿಂದ ಮೈಸೂರು ಕೂಗಳತೆಯ ದೂರದಲ್ಲಿದೆ. ಮೈಸೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಜೆಎಸ್‌ಎಸ್ ಆಸ್ಪತ್ರೆಯೂ ಇವೆ. ಪಾಂಡವಪುರದವರು ಮೈಸೂರಿಗಾಗಲಿ ಮಂಡ್ಯಕ್ಕಾಗಲಿ ಒಂದೇ ದಿನದಲ್ಲಿ ಹೋಗಿಬರಬಹುದು. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ನಾಗಮಂಗಲ ತಾಲ್ಲೂಕಿನ ಒಡಲಿನಲ್ಲಿಯೇ, ಬಿ.ಜಿ. ನಗರದಲ್ಲಿ, ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಕೃಷ್ಣರಾಜಪೇಟೆಯ ಅಂಚಿನ ಗ್ರಾಮಗಳವರು ಸ್ವಲ್ಪ ಹೆಚ್ಚು ಪ್ರಯಾಣ ಮಾಡಬೇಕಾದುದು ನಿಜ. ಅವರಿಗೂ ಮೈಸೂರು, ಹಾಸನ, ಮಂಡ್ಯಗಳು ತಲುಪಲಾಗದ ದೂರದ ಊರುಗಳೇನಲ್ಲ. ಹೀಗಿದ್ದರೂ ಎರಡು ಕಣ್ಣುಗಳಲ್ಲಿಯೂ ಪೊರೆ ಬೆಳೆದು ಗೋಡೆ ಹಿಡಿದು ನಡೆಯುವ ವೃದ್ಧರು ನಮ್ಮ ಊರುಗಳಲ್ಲಿ ಏಕೆ ಉಳಿದಿದ್ದಾರೆ?

ಆಸ್ಪತ್ರೆಗೆ ಕರೆದೊಯ್ಯುವವರಿಲ್ಲ ಎಂಬುದು ಮೊದಲನೆಯ ಕಾರಣ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಸೊಸೆಯು ಒಂದು ದಿನದ ಕೂಲಿಯನ್ನು ಬಿಡಲಾರಳು. ಮನೆಯಲ್ಲಿ ಎರಡು ಹಸುಗಳಿದ್ದರೆ ಬೆಳಿಗ್ಗೆ ಸಂಜೆ ಹಾಲು ಕರೆದು ಡೇರಿಗೆ ಹಾಕುವವರು ಯಾರು ಎಂಬ ಚಿಂತೆ. ಕಬ್ಬಿನ ಕಟಾವಿನ ಕಾಲವಾದರಂತೂ ಕಣ್ಣಿನ ಮಾತನ್ನೇ ಎತ್ತುವಂತಿಲ್ಲ. ಕಣ್ಣಿಗೆ ಕತ್ತಿ ಹಾಕಿದರೆ ಇದ್ದ ಮಬ್ಬು ಬೆಳಕೂ ಹೋದೀತೆಂಬ ಭಯ ಎರಡನೆಯದು. ಮುಪ್ಪಿನಲ್ಲಿ ಕಣ್ಣು ಮಂಜಾಗುವುದು ಸಹಜ, ಇನ್ನೆಷ್ಟು ದಿನ ಬದುಕುತ್ತೇವೆ ಎಂಬ ಉದಾಸೀನ ಮೂರನೆಯದು. ಈ ಉದಾಸೀನವನ್ನು ಮನೆಯವರು ಅಜ್ಜನಿಗಿಂತ ಅಜ್ಜಿಯ ವಿಷಯದಲ್ಲಿ ಹೆಚ್ಚಾಗಿ ತೋರಿಸುತ್ತಾರೆಂಬುದನ್ನು ನಾವು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು.

ನಾಲ್ಕನೆಯದು ತಪ್ಪು ತಿಳಿವಳಿಕೆ. ಪೊರೆಯು ಚೆನ್ನಾಗಿ ಬಲಿಯಬೇಕು, ಚಳಿಗಾಲದಲ್ಲಿಯೇ ಶಸ್ತ್ರಚಿಕಿತ್ಸೆ ಆಗಬೇಕು ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಬೇರೂರಿದೆ. ಹಳೆಯ ವಿಧಾನದ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಬಲಿಯುವವರೆಗೆ ಕಾಯುವುದಕ್ಕೆ ಅರ್ಥವಿದ್ದಿತು. ಇಂದಿನ ವಿಧಾನಗಳಲ್ಲಿ ಅದು ಬೇಕಿಲ್ಲ. ಅತಿಯಾಗಿ ಬಲಿತ ಪೊರೆಯು ಕಣ್ಣಿನೊಳಗಿನ ಒತ್ತಡವನ್ನು ಏರಿಸಿ, ತೀವ್ರವಾದ ನೋವನ್ನು ತಂದು, ನರವನ್ನೇ ಹಾಳುಮಾಡಬಲ್ಲುದು. ದಿನನಿತ್ಯದ ಕೆಲಸಕ್ಕೆ ಮಂಜು ಅಡ್ಡಿಯಾಗತೊಡಗಿದರೆ ಆಷಾಢವಾಗಲಿ ಚೈತ್ರವಾಗಲಿ ಚಿಕಿತ್ಸೆ ಪಡೆಯಬಹುದು. ವಿದೇಶದ ರಜೆಯ ದಿನಗಳಿಗೆ ಹೊಂದಿಕೊಂಡು ಡಿಸೆಂಬರಿನಲ್ಲಿಯೇ ನಡೆಯುವ ಶಿಬಿರಗಳು ತಮಗರಿವಿಲ್ಲದೆಯೇ ಈ ಹಳೆಯ ನಂಬಿಕೆಗೆ ನೀರೆರೆಯುತ್ತಿವೆ. ಯುಗಾದಿಯ ಹೊತ್ತಿಗೆ ದೃಷ್ಟಿ ಕುಂದಿದವರು ಮುಂದಿನ ಡಿಸೆಂಬರಿಗಾಗಿ ಕಾಯುತ್ತಾರೆ. ಆ ಒಂಬತ್ತು ತಿಂಗಳುಗಳಲ್ಲಿ ಕತ್ತಲೆಯಲ್ಲಿ ಎಡವಿ ಸೊಂಟದ ಮೂಳೆ ಮುರಿದುಕೊಂಡರೆ ಅದನ್ನು ಲೆಕ್ಕವಿಡುವವರಿಲ್ಲ.

ಇವುಗಳಲ್ಲಿ ಯಾವ ಕಾರಣವೂ ಹೊರದೇಶದ ಶಸ್ತ್ರವೈದ್ಯರ ಚಾಕುವಿನಿಂದ ನೀಗುವಂಥದಲ್ಲ. ನಮ್ಮಲ್ಲಿ ದೊಡ್ಡ ಕೊರತೆ ಇರುವುದು ವೃದ್ಧರ ಕೈಹಿಡಿದು ಕರೆದೊಯ್ದು, ಮರಳಿ ಮನೆ ಮುಟ್ಟಿಸಿ, ಆರು ವಾರ ವಿಚಾರಿಸಿಕೊಳ್ಳುವವರದು.

ಅತಿಥಿ ವೈದ್ಯರ ನಿಜವಾದ ಕಾಣಿಕೆ

ಹೊರಗಿನಿಂದ ಬಂದವರ ಸೇವೆಯು ಈ ನಾಡಿಗೆ ಹೊಸದಲ್ಲ. ಮೈಸೂರಿನ ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1906ರಿಂದ ಈ ಭಾಗದ ತಾಯಂದಿರಿಗೂ ಮಕ್ಕಳಿಗೂ ಆಸರೆಯಾಗಿ ನಿಂತಿದೆ. 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಡನೆ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವನ್ನು ಆರಂಭಿಸಿತು. ಕನ್ನಂಬಾಡಿ ಅಣೆಕಟ್ಟೆಯ ನಾಲೆಯ ನೀರು ಹೊಸದಾಗಿ ಹರಿದಲ್ಲೆಲ್ಲ ಮಲೇರಿಯ ಹಬ್ಬಿದಾಗ ಅದರ ಅಧ್ಯಯನವೂ ನಿಯಂತ್ರಣ ಕಾರ್ಯವೂ ಈ ನೆಲದಲ್ಲಿಯೇ ವರ್ಷಗಟ್ಟಲೆ ನಡೆದವು. ಹೊರಗಿನಿಂದ ಬಂದವರು ಇಲ್ಲಿ ನೆಲೆನಿಂತು ದುಡಿದರು, ಇಲ್ಲವೇ ತಾವು ಹೋದ ಮೇಲೂ ನಡೆಯುವಂತಹ ವ್ಯವಸ್ಥೆಯನ್ನು ಕಟ್ಟಿದರು. ಆದುದರಿಂದಲೇ ಅವರ ಕೆಲಸ ಉಳಿಯಿತು.

ನೇಪಾಳದ ಉದಾಹರಣೆ ಇನ್ನೂ ಸ್ಪಷ್ಟವಾದುದು. ಆಸ್ಟ್ರೇಲಿಯದಲ್ಲಿ ನೆಲೆಸಿದ್ದ ನೇತ್ರ ವೈದ್ಯ ಫ್ರೆಡ್ ಹಾಲೋಸ್ ಅವರ ಸ್ನೇಹ ಮತ್ತು ಮಾರ್ಗದರ್ಶನವನ್ನು ಪಡೆದ ಡಾ. ಸಂದುಕ್ ರುಯಿತ್ ಅವರು 1994ರಲ್ಲಿ ಕಠ್ಮಂಡುವಿನಲ್ಲಿ ತಿಲಗಂಗಾ ನೇತ್ರ ಕೇಂದ್ರವನ್ನು ತೆರೆದರು. ಅಲ್ಲಿಯೇ ಮಸೂರಗಳು ತಯಾರಾದವು, ಅಲ್ಲಿಯೇ ವೈದ್ಯರು ತರಬೇತಾದರು. ಹಾಲೋಸ್ 1993ರಲ್ಲಿಯೇ ತೀರಿಕೊಂಡರು, ಆದರೆ ಕೆಲಸ ನಿಲ್ಲಲಿಲ್ಲ. 1982ರಿಂದ ವಿಮಾನವನ್ನೇ ಆಸ್ಪತ್ರೆಯನ್ನಾಗಿಸಿಕೊಂಡು ದೇಶದೇಶಗಳಿಗೆ ಹಾರುತ್ತಿರುವ ಆರ್ಬಿಸ್ ಸಂಸ್ಥೆಯ ಮುಖ್ಯ ಉದ್ದೇಶವೂ ಆಯಾ ದೇಶದ ವೈದ್ಯರಿಗೆ ತರಬೇತಿ ನೀಡುವುದೇ ಆಗಿದೆ.

ಅತಿಥಿ ವೈದ್ಯರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಶ್ರೀಮಂತ ದೇಶಗಳಲ್ಲಿ ಪೊರೆಯು ಎಳೆಯದಾಗಿರುವಾಗಲೇ ಚಿಕಿತ್ಸೆಯಾಗುತ್ತದೆ. ನಮ್ಮಲ್ಲಿ ಬರುವುದು ಕಂದುಬಣ್ಣಕ್ಕೆ ತಿರುಗಿ ಕಲ್ಲಿನಂತೆ ಗಟ್ಟಿಯಾದ ಪೊರೆ. ಅದನ್ನು ಹೊಲಿಗೆಯಿಲ್ಲದ ಸಣ್ಣ ಗಾಯದ ಮೂಲಕ ಕೈಯಿಂದಲೇ ಹೊರತೆಗೆಯುವ ವಿಧಾನದಲ್ಲಿ ಭಾರತದ ಮತ್ತು ನೇಪಾಳದ ವೈದ್ಯರು ನಿಷ್ಣಾತರು. ಆದುದರಿಂದ ಹೊರಗಿನಿಂದ ಬಂದ ಶಸ್ತ್ರವೈದ್ಯರು ಮೊದಲು ಇಲ್ಲಿನ ಆಸ್ಪತ್ರೆಯಲ್ಲಿ ವಿದ್ಯಾರ್ಥಿಯಂತೆ ನಿಂತು ನೋಡುವುದರಲ್ಲಿ ಅವಮಾನವೇನೂ ಇಲ್ಲ. ಮಧುಮೇಹದಿಂದ ಹಾಳಾದ ಅಕ್ಷಿಪಟಲದ ಚಿಕಿತ್ಸೆ, ಮಕ್ಕಳ ಕಣ್ಣಿನ ರೋಗಗಳು, ಶುಶ್ರೂಷಕಿಯರ ತರಬೇತಿ, ಫಲಿತಾಂಶಗಳನ್ನು ದಾಖಲಿಸುವ ಶಿಸ್ತು ಮೊದಲಾದವುಗಳಲ್ಲಿ ಅವರು ಕಲಿಸಬಹುದಾದುದು ಬಹಳವಿದೆ. ಒಬ್ಬ ಅತಿಥಿ ವೈದ್ಯರು ಇಲ್ಲಿನ ಇಬ್ಬರು ಯುವವೈದ್ಯರಿಗೆ ಒಂದು ಕೌಶಲವನ್ನು ಕಲಿಸಿಹೋದರೆ ಅದರ ಫಲವು ಮೂವತ್ತು ವರ್ಷ ನಿಲ್ಲುತ್ತದೆ.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ಇಲ್ಲಿ ನೋಂದಣಿ ಇಲ್ಲದ ಹೊರದೇಶದ ವೈದ್ಯರು ಭಾರತದಲ್ಲಿ ಚಿಕಿತ್ಸೆ ನೀಡಬೇಕಾದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ತಾತ್ಕಾಲಿಕ ಅನುಮತಿಯನ್ನು ಪಡೆಯಬೇಕು. ವಿದ್ಯಾರ್ಥಿಯು ತನ್ನ ದೇಶದಲ್ಲಿ ಮುಟ್ಟಲು ಅವಕಾಶವಿಲ್ಲದ ಉಪಕರಣವನ್ನು ನಮ್ಮ ಹಳ್ಳಿಯ ಬಡವನ ಮೈಮೇಲೆ ಪ್ರಯೋಗಿಸುವಂತಿಲ್ಲ. ಈ ನಿಯಮವು ನಮ್ಮ ಮಕ್ಕಳಿಗೂ ಅನ್ವಯಿಸುತ್ತದೆ. ಮಂಡ್ಯದ ರೋಗಿಯ ಮೇಲೆ ಮಾಡಲು ಅರ್ಹತೆಯಿಲ್ಲದ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಆಫ್ರಿಕದ ರೋಗಿಯ ಮೇಲೆ ಮಾಡಬಾರದು. ಬಡವನ ಕಣ್ಣು ಯಾವ ದೇಶದಲ್ಲಿದ್ದರೂ ಅಭ್ಯಾಸದ ಹಲಗೆಯಲ್ಲ.

ಎಣಿಸಬೇಕಾದುದು ಯಾವುದನ್ನು?

ಶಿಬಿರಗಳ ವರದಿಗಳಲ್ಲಿ ಕಾಣುವುದು ತಪಾಸಣೆಗೊಳಗಾದವರ ಸಂಖ್ಯೆ, ಶಸ್ತ್ರಚಿಕಿತ್ಸೆಯಾದವರ ಸಂಖ್ಯೆ, ಹಂಚಿದ ಕನ್ನಡಕಗಳ ಸಂಖ್ಯೆ. ಆರು ವಾರಗಳ ನಂತರ ಎಷ್ಟು ಜನ ಚೆನ್ನಾಗಿ ಕಾಣುತ್ತಿದ್ದಾರೆ ಎಂಬ ಸಂಖ್ಯೆ ಮಾತ್ರ ಅಪರೂಪ. ಜಗತ್ತಿನ ಆರೋಗ್ಯ ಸಂಸ್ಥೆಗಳು ಈ ದೋಷವನ್ನು ಮನಗಂಡಿವೆ. 2021ರ ವಿಶ್ವ ಆರೋಗ್ಯ ಸಭೆಯು 2030ರೊಳಗೆ ಪೊರೆಯ ಶಸ್ತ್ರಚಿಕಿತ್ಸೆಯ ‘ಪರಿಣಾಮಕಾರಿ’ ವ್ಯಾಪ್ತಿಯನ್ನು ಶೇಕಡಾ 30 ಅಂಶಗಳಷ್ಟು ಹೆಚ್ಚಿಸುವ ಗುರಿಯನ್ನಿಟ್ಟಿತು. ಪರಿಣಾಮಕಾರಿ ಎಂಬ ಪದವೇ ಇಲ್ಲಿ ಮುಖ್ಯವಾದುದು. ಶಸ್ತ್ರಚಿಕಿತ್ಸೆಯಾದರೆ ಸಾಲದು, ಅದರಿಂದ ಉತ್ತಮ ದೃಷ್ಟಿ ಬಂದಿರಬೇಕು.

ನಮ್ಮ ದೇಶವು 1976ರಲ್ಲಿಯೇ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಂತೆ ಅಂಧತ್ವದ ಪ್ರಮಾಣವು ಶೇಕಡಾ 0.36ಕ್ಕೆ ಇಳಿದಿದೆ. ಇದು ಹೆಮ್ಮೆಯ ಸಂಗತಿ. ಆದರೆ 50 ವರ್ಷ ದಾಟಿದವರ ಅಂಧತ್ವದಲ್ಲಿ ಮೂರನೆಯ ಎರಡು ಪಾಲಿಗೆ ಇಂದಿಗೂ ಪೊರೆಯೇ ಕಾರಣವೆಂದು ಅದೇ ಸಮೀಕ್ಷೆ ತಿಳಿಸಿದೆ. ಹೀಗಿರುವಾಗ ಶಿಬಿರಗಳೇ ಬೇಡವೆನ್ನುವುದು ಅವಿವೇಕವಾದೀತು. ಅವುಗಳನ್ನು ಹೇಗೆ ನಡೆಸಬೇಕೆಂಬುದೇ ವಿಚಾರ.

ಶಸ್ತ್ರಚಿಕಿತ್ಸೆಯ ನಂತರದ ದಿನಗಳನ್ನು ಓದುಗ ಬಂಧುಗಳು ಅರಿತಿರಬೇಕು. ಮರುದಿನ ವೈದ್ಯರು ಪಟ್ಟಿಯನ್ನು ಬಿಚ್ಚಿ ಪರೀಕ್ಷಿಸಬೇಕು. ಒಂದು ವಾರದ ಸುಮಾರಿಗೆ ಮತ್ತೊಮ್ಮೆ, ನಾಲ್ಕರಿಂದ ಆರು ವಾರಗಳ ಸುಮಾರಿಗೆ ಇನ್ನೊಮ್ಮೆ ಪರೀಕ್ಷೆಯಾಗಬೇಕು. ಈ ಅವಧಿಯಲ್ಲಿ ವೈದ್ಯರು ಹೇಳಿದ ಹನಿಗಳನ್ನು ಕೈತೊಳೆದುಕೊಂಡು ತಪ್ಪದೆ ಹಾಕಬೇಕು. ಕಣ್ಣನ್ನು ಉಜ್ಜಬಾರದು, ಕೆರೆ ನಾಲೆಗಳ ನೀರು ತಾಗಿಸಬಾರದು, ವೈದ್ಯರು ಒಪ್ಪುವವರೆಗೆ ಗದ್ದೆಯ ಕೆಲಸಕ್ಕೂ ಒಲೆಯ ಹೊಗೆಗೂ ಹೋಗಬಾರದು. ನೋವು ಹೆಚ್ಚುವುದು, ಕಣ್ಣು ಕೆಂಪಾಗುವುದು, ರೆಪ್ಪೆ ಊದುವುದು, ಬಂದ ದೃಷ್ಟಿ ಮತ್ತೆ ಮಬ್ಬಾಗುವುದು ಇವು ಅಪಾಯದ ಸೂಚನೆಗಳು. ಕಣ್ಣಿನೊಳಗೆ ಸೋಂಕು ತಗುಲಿದ್ದರೆ ಅದೇ ದಿನ ಆಸ್ಪತ್ರೆ ಸೇರಬೇಕು. ನಾಳೆ ನೋಡೋಣವೆಂದರೆ ಕಣ್ಣೇ ಹೋಗಬಹುದು. ಈ ಸೋಂಕು ಅಪರೂಪವಾದುದರಿಂದ ಭಯಪಡಬೇಕಿಲ್ಲ, ಆದರೆ ಬಂದಾಗ ತಡಮಾಡುವಂತಿಲ್ಲ.

ಕೆಲವು ತಿಂಗಳುಗಳ ಅಥವಾ ವರ್ಷಗಳ ಬಳಿಕ ಕೃತಕ ಮಸೂರದ ಹಿಂದಿನ ತೆಳುಪದರವು ಮಂಜಾಗಿ ದೃಷ್ಟಿ ಕುಂದುವುದುಂಟು. ‘ಪೊರೆ ಮತ್ತೆ ಬಂತು, ಆಪರೇಷನ್ ಕೆಟ್ಟಿತು’ ಎಂದು ಜನ ಕೈಚೆಲ್ಲುತ್ತಾರೆ. ಕೆಲವೇ ನಿಮಿಷಗಳ ಲೇಸರ್ ಚಿಕಿತ್ಸೆಯಿಂದ ಇದನ್ನು ಸರಿಪಡಿಸಬಹುದೆಂದು ತಿಳಿಸುವವರು ಊರಿನಲ್ಲಿದ್ದರೆ ಎಷ್ಟೋ ಜನ ಎರಡನೆಯ ಬಾರಿ ಕುರುಡಾಗುವುದು ತಪ್ಪುತ್ತದೆ.

ಪೊರೆಯಾಚೆಗೂ ಕಣ್ಣಿದೆ

ಶಿಬಿರವೆಂದರೆ ಪೊರೆಯೊಂದೇ ಎಂಬಂತಾಗಿರುವುದೂ ಸರಿಯಲ್ಲ. ಗ್ಲಾಕೋಮ ಎಂಬ ರೋಗವು ನೋವಿಲ್ಲದೆ ದೃಷ್ಟಿನರವನ್ನು ಕೊರೆಯುತ್ತದೆ. ಹೋದ ದೃಷ್ಟಿಯನ್ನು ಯಾವ ಶಸ್ತ್ರಚಿಕಿತ್ಸೆಯೂ ಮರಳಿ ತರಲಾರದು. ಅವಸರದ ತಪಾಸಣೆಯಲ್ಲಿ ಇಂಥವರಿಗೆ ‘ಪೊರೆ ಇನ್ನೂ ಬಲಿತಿಲ್ಲ, ಮುಂದಿನ ವರ್ಷ ಬನ್ನಿ’ ಎಂದು ಹೇಳಿ ಕಳುಹಿಸಿದರೆ ಆ ಒಂದು ವರ್ಷವೇ ಅವರ ಪಾಲಿಗೆ ಕಡೆಯದಾಗಬಹುದು. ಮಧುಮೇಹವುಳ್ಳವರು ದೃಷ್ಟಿ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಪಾಪೆಯನ್ನು ಹಿಗ್ಗಿಸಿ ಅಕ್ಷಿಪಟಲವನ್ನು ಪರೀಕ್ಷಿಸಿಕೊಳ್ಳಬೇಕು. ಇದು ಒಂದು ದಿನದ ಶಿಬಿರದಿಂದ ಮುಗಿಯುವ ಕೆಲಸವಲ್ಲ.

ಕಬ್ಬಿನ ಗರಿ, ಭತ್ತದ ತೆನೆಗಳು ಕಣ್ಣಿನ ಕಪ್ಪುಗುಡ್ಡೆಯನ್ನು ಗೀರುವುದು ನಮ್ಮ ನೀರಾವರಿ ಪ್ರದೇಶದ ರೈತರಿಗೆ ಹೊಸ ಸಂಗತಿಯಲ್ಲ. ಆ ಗೀರಿನಲ್ಲಿ ಶಿಲೀಂಧ್ರ ಬೆಳೆದು ಹುಣ್ಣಾದರೆ ದೃಷ್ಟಿಯೇ ಹೋಗಬಹುದು. ಎದೆಹಾಲು, ಸೊಪ್ಪಿನ ರಸ ಹಿಂಡುವುದಾಗಲಿ, ಔಷಧದ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಹನಿಗಳನ್ನು ತಂದು ಹಾಕುವುದಾಗಲಿ ಬೆಂಕಿಗೆ ತುಪ್ಪ ಸುರಿದಂತೆ. ಗೀರಿದ ದಿನವೇ ಕಣ್ಣಿನ ವೈದ್ಯರನ್ನು ಕಾಣುವಂತೆ ಜನರನ್ನು ಎಚ್ಚರಿಸುವ ಕೆಲಸಕ್ಕೆ ವಿದೇಶದ ಪದವಿಯೇನೂ ಬೇಕಿಲ್ಲ.

ಓದುವ ಕನ್ನಡಕದಂತಹ ಸಣ್ಣ ವಸ್ತುವಿನ ಮಹಿಮೆಯನ್ನೂ ಹೇಳಬೇಕು. ಅಸ್ಸಾಮಿನ ಚಹಾ ತೋಟಗಳಲ್ಲಿ 40 ದಾಟಿದ ಕಾರ್ಮಿಕರಿಗೆ ಹತ್ತಿರದ ದೃಷ್ಟಿಯ ಕನ್ನಡಕ ಕೊಟ್ಟು ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನವು ಅವರ ದುಡಿಮೆಯ ಪ್ರಮಾಣವು ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಿತೆಂದು ತೋರಿಸಿತು. ಅಕ್ಕಿಯ ಕಲ್ಲು ಆರಿಸುವ, ಸೂಜಿಗೆ ದಾರ ಪೋಣಿಸುವ, ರೇಷ್ಮೆಹುಳುವಿನ ತಟ್ಟೆಯನ್ನು ನೋಡುವ ನಮ್ಮ ತಾಯಂದಿರಿಗೂ ಇದು ಸಲ್ಲುತ್ತದೆ. ಆದರೆ ಹೊರದೇಶದಲ್ಲಿ ಬಳಸಿಬಿಟ್ಟ ಕನ್ನಡಕಗಳನ್ನು ಮೂಟೆಕಟ್ಟಿ ತಂದು ಹಂಚುವುದು ಸೇವೆಯಲ್ಲ. ಪ್ರತಿಯೊಬ್ಬರ ಕಣ್ಣನ್ನು ಅಳೆದು ಕೊಡುವ ಹೊಸ ಕನ್ನಡಕಕ್ಕೆ ಇಂದು ಹೆಚ್ಚು ಬೆಲೆಯೇನೂ ಇಲ್ಲ. ಅವಧಿ ಮುಗಿಯಲಿರುವ ಮಾತ್ರೆಗಳ ವಿಷಯದಲ್ಲಿಯೂ ಇದೇ ಮಾತು. ರಕ್ತದೊತ್ತಡಕ್ಕೆ ಒಂದು ವಾರದ ಮಾತ್ರೆ ಕೊಟ್ಟು ಹೋದರೆ ಎಂಟನೆಯ ದಿನದಿಂದ ಗತಿಯೇನು?

ಆಕ್ಷೇಪಗಳಿಗೆ ಉತ್ತರ

‘ಏನೂ ಇಲ್ಲದವರಿಗೆ ಅಷ್ಟಾದರೂ ಸಿಗಲಿ, ಇಷ್ಟು ಷರತ್ತುಗಳನ್ನು ಹಾಕಿದರೆ ಬರುವವರೂ ಬಾರದಿರುತ್ತಾರೆ’ ಎಂದು ಹೇಳುವವರಿದ್ದಾರೆ. ಅವರ ಕಳಕಳಿ ನಿಜವಾದುದು. ಆದರೆ ಒಂದು ಶಿಬಿರದಲ್ಲಿ ಒಬ್ಬರ ಕಣ್ಣು ಹಾಳಾದರೆ ಆ ಸುದ್ದಿಯು ಹತ್ತೂರಿಗೆ ಹಬ್ಬಿ, ನೂರು ಜನ ಒಳ್ಳೆಯ ಆಸ್ಪತ್ರೆಗೂ ಹೋಗದಂತೆ ತಡೆಯುತ್ತದೆ. ಬಡವರು ಉಚಿತವಾಗಿ ಪಡೆದಾಗ ಅದರ ಗುಣಮಟ್ಟವನ್ನು ಪ್ರಶ್ನಿಸಲಾರರು. ಆದುದರಿಂದ ಅವರ ಪರವಾಗಿ ಪ್ರಶ್ನಿಸುವ ಹೊಣೆ ಅಂಗಳ ಕೊಡುವವರ ಮೇಲಿದೆ. ದಾನಿಯು ಎತ್ತರದಲ್ಲಿ ನಿಂತು ಕೊಡುವಾಗ ಪಡೆಯುವವನ ತಲೆ ತಗ್ಗುತ್ತದೆ. ದಾಸೋಹದಲ್ಲಿ ಹಾಗಿಲ್ಲ, ಅಲ್ಲಿ ನೀಡುವವನೇ ಬಾಗುತ್ತಾನೆ. ಪ್ರಸಾದದ ಪಂಕ್ತಿಯಲ್ಲಿ ಹಳಸಿದ ಅನ್ನವನ್ನು ಬಡಿಸದ ನಾವು ಚಿಕಿತ್ಸೆಯ ಪಂಕ್ತಿಯಲ್ಲಿ ಅರೆಬೆಂದುದನ್ನು ಬಡಿಸಲು ಏಕೆ ಒಪ್ಪಬೇಕು?

ಹಾಗಾದರೆ ಅಂಗಳ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳಾವುವು? ಶಸ್ತ್ರಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ? ಶಸ್ತ್ರವೈದ್ಯರಿಗೆ ಇಲ್ಲಿ ಕೆಲಸ ಮಾಡಲು ಅನುಮತಿಯಿದೆಯೇ? ರೋಗಿಯ ಸಕ್ಕರೆ, ರಕ್ತದೊತ್ತಡ, ಕಣ್ಣಿನ ಒತ್ತಡಗಳನ್ನು ಮೊದಲೇ ಪರೀಕ್ಷಿಸುತ್ತಾರೆಯೇ? ರೋಗಿಗೆ ಕನ್ನಡದಲ್ಲಿ ವಿವರಿಸಿ ಒಪ್ಪಿಗೆ ಪಡೆಯುತ್ತಾರೆಯೇ? ಒಂದು ವಾರದ ಹಾಗೂ ಆರು ವಾರಗಳ ಮರುಪರೀಕ್ಷೆಗೆ ವಾಹನವನ್ನು ಯಾರು ಕಳುಹಿಸುತ್ತಾರೆ? ರಾತ್ರಿ ಕಣ್ಣು ನೋಯತೊಡಗಿದರೆ ಕರೆಮಾಡಲು ಯಾರ ದೂರವಾಣಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ? ತೊಂದರೆಯಾದರೆ ಮುಂದಿನ ಚಿಕಿತ್ಸೆಯ ವೆಚ್ಚವನ್ನು ಯಾರು ಭರಿಸುತ್ತಾರೆ? ಪ್ರಾಮಾಣಿಕ ತಂಡಕ್ಕೆ ಈ ಪ್ರಶ್ನೆಗಳಿಂದ ಸಂತೋಷವೇ ಆಗುತ್ತದೆ.

ಹೊರದೇಶದಲ್ಲಿರುವ ನಮ್ಮ ಮಕ್ಕಳಿಗೆ ನಾವು ಹೇಳುವುದಿಷ್ಟು. ನೀವು ಖಂಡಿತ ಬನ್ನಿ. ಆದರೆ ವಿಮಾನದ ಟಿಕೇಟಿಗೂ ಬ್ಯಾನರಿಗೂ ಆಗುವ ವೆಚ್ಚದ ಒಂದು ಪಾಲನ್ನು ತೆಗೆದಿಟ್ಟು, ನಿಮ್ಮ ಹುಟ್ಟೂರಿನ ಗ್ರಾಮ ಪಂಚಾಯಿತಿಗೆ ಒಬ್ಬ ಕಣ್ಣಿನ ಸೇವಕಿಯನ್ನು ವರ್ಷವಿಡೀ ನೇಮಿಸಿರಿ. ಆಕೆಯು ಆಶಾ ಕಾರ್ಯಕರ್ತೆಯರ ಹಾಗೂ ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಗಳ ಜೊತೆಗೂಡಿ ಮನೆಮನೆಗೆ ಹೋಗಿ, 50 ದಾಟಿದ ಪ್ರತಿಯೊಬ್ಬರ ದೃಷ್ಟಿಯನ್ನು ಪರೀಕ್ಷಿಸಿ, ಒಂದು ದಪ್ಪ ಪುಸ್ತಕದಲ್ಲಿ ಬರೆಯಲಿ. ಹೆಸರು, ಯಾವ ಕಣ್ಣು, ಎಂದು ಯಾವ ಆಸ್ಪತ್ರೆಯಲ್ಲಿ ಚಿಕಿತ್ಸೆ, ಆರು ವಾರಗಳ ನಂತರದ ದೃಷ್ಟಿ ಎಷ್ಟು ಎಂಬ ನಾಲ್ಕು ಅಂಕಣಗಳು ಸಾಕು. ನೀವು ಡಿಸೆಂಬರಿನಲ್ಲಿ ಬಂದಾಗ ಮೊದಲು ಆ ಪುಸ್ತಕವನ್ನು ತೆರೆದು, ನಾಲ್ಕನೆಯ ಅಂಕಣ ಖಾಲಿಯಿರುವ ಮನೆಗಳಿಗೆ ಹೋಗಿಬನ್ನಿ.

ಊರಿನಲ್ಲಿರುವ ಯುವಕ ಯುವತಿಯರಿಗೂ ಒಂದು ಮಾತು. ಆಫ್ರಿಕಕ್ಕೆ ಹೋಗಿ ಸೇವೆ ಮಾಡುವ ಕನಸು ದೊಡ್ಡದು. ಆದರೆ ಪಕ್ಕದ ಬೀದಿಯ ಅಜ್ಜಿಯನ್ನು ಬಿ.ಜಿ. ನಗರಕ್ಕೋ ಮೈಸೂರಿಗೋ ಕರೆದೊಯ್ದು, ಆಕೆಯ ಹಸುವಿನ ಹಾಲನ್ನು ಎರಡು ದಿನ ನೀವೇ ಡೇರಿಗೆ ಹಾಕಿ, ಆರು ವಾರ ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕುವ ಕಾಯಕವೂ ಅದಕ್ಕೆ ಯಾವ ರೀತಿಯಲ್ಲಿಯೂ ಕಡಿಮೆಯಾದುದಲ್ಲ. ಮಠಗಳು ತಮ್ಮ ವಾಹನಗಳನ್ನು ತಿಂಗಳಲ್ಲಿ ಒಂದು ದಿನ ಇದಕ್ಕಾಗಿ ಬಿಟ್ಟುಕೊಡಲಿ. ಹಾಲು ಉತ್ಪಾದಕರ ಸಂಘಗಳೂ ಸ್ತ್ರೀಶಕ್ತಿ ಗುಂಪುಗಳೂ ಕೈಜೋಡಿಸಲಿ. ನಾಲ್ಕು ತಾಲ್ಲೂಕುಗಳಲ್ಲಿ ಒಂದೊಂದು ಪಂಚಾಯಿತಿಯಾದರೂ ಈ ವರ್ಷ ಇಂತಹ ಪುಸ್ತಕವನ್ನು ಆರಂಭಿಸಿದರೆ, ಚಿಕಿತ್ಸೆಗಾಗಿ ಚಳಿಗಾಲವನ್ನೇ ಕಾಯುವ ಪ್ರಮೇಯ ಆ ಊರಿನ ವೃದ್ಧರಿಗೆ ಬರುವುದಿಲ್ಲ.